ಆಳಿಲ್ಲದ ನೆರಳು

ನನ್ನ ಭಾವನಿಗೆ ಆಫೀಸಿನಲ್ಲಿ ನೆರಳಪ್ಪ ಎಂದು ಹೆಸರು. ಕಂಪ್ಯೂಟರಿನಲ್ಲಿ ಅನಿಮೇಷನ್ ಮಾಡುವ ಪುಟ್ಟ ಸ್ಟುಡಿಯೋ ನಮ್ಮದು; ನಾನು ಕುರ್ಚಿ, ಮೇಜು, ಗೋಡೆ ಕಟ್ಟುತ್ತೇನೆ, ಅವುಗಳ ಮೇಲೆ ಬೆಳಕು ಬೀಳಿಸಿ ನೆರಳು ಹಾಸುವುದು ಭಾವನ ಕೆಲಸ. ಯಾರು ಎಷ್ಟು ಗೇಲಿ ಮಾಡಿದರೂ ಮುಗುಳ್ನಗುತ್ತಾರೆ. ಜಗತ್ತಿನಲ್ಲಿ ಸಿಟ್ಟೇ ಬಾರದ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಭಾವನನ್ನು ಕಂಡಾಗಲೂ ಉರಿಯುತ್ತಿತ್ತು, ಅದಕ್ಕೆ ಕಾರಣ ಬೇರೆ.

ಅವರಿಗೆ ಒಬ್ಬಳೇ ಮಗಳು. ಗುಬ್ಬಿ ಎಂದು ಕರೆಯುತ್ತಿದ್ದೆವು. ನಾಲ್ಕು ತುಂಬಿತ್ತು, ಜ್ವರ ಬಂತು, ಹೋದಳು. ಇದನ್ನು ಇದಕ್ಕಿಂತ ಉದ್ದ ಮಾಡಿ ಹೇಳಲು ನನ್ನಿಂದ ಆಗುವುದಿಲ್ಲ.

ಅವರ ಮನೆಯ ಮುಂಬಾಗಿಲ ಹಿಡಿ ಸರಿಯಾಗಿ ಗುಬ್ಬಿಯ ಹಣೆಯ ಮಟ್ಟಕ್ಕಿತ್ತು. ಓಡಿ ಬಂದು ಬಡಿಸಿಕೊಳ್ಳುತ್ತಾಳೆಂದು ಭಾವ ಅದಕ್ಕೆ ಹಳೇ ಟವೆಲಿನ ತುಂಡು ಸುತ್ತಿ ಬಿಗಿಯಾಗಿ ಕಟ್ಟಿದ್ದರು. ಅವಳು ಹೋದ ಮೇಲೆ ಬಟ್ಟೆ, ಗೊಂಬೆ, ಪುಟ್ಟ ಚಪ್ಪಲಿ ಎಲ್ಲವನ್ನೂ ಒಂದೇ ದಿನದಲ್ಲಿ ಯಾರಿಗೋ ಕೊಟ್ಟು ಕೈ ತೊಳೆದುಕೊಂಡರು. ಹಿಡಿಯ ಬಟ್ಟೆ ಮಾತ್ರ ಉಳಿಯಿತು. ಆಮೇಲೆ ಬಾಯಿಗೆ ಬೀಗ ಹಾಕಿದ ಮನುಷ್ಯ ಮಗಳ ಹೆಸರನ್ನೇ ಎತ್ತಲಿಲ್ಲ. ಅಕ್ಕ "ಗುಬ್ಬಿ ಇದ್ದಿದ್ರೆ" ಎಂದು ಶುರುಮಾಡಿದರೆ ಎದ್ದು ಹೋಗಿ ನಲ್ಲಿ ಸೋರುತ್ತಿದೆಯೇ ಎಂದು ನೋಡುತ್ತಿದ್ದರು. ಹನ್ನೊಂದು ವರ್ಷ ಅಕ್ಕ ಸಹಿಸಿಕೊಂಡಳು. ಕಳೆದ ವರ್ಷ ಬ್ಯಾಗು ಹಿಡಿದು ನನ್ನ ಮನೆಗೆ ಬಂದುಬಿಟ್ಟಳು. ಜಗಳವಾಡಿ ಬಂದಿದ್ದರೆ ಬೈದು ಬುದ್ಧಿ ಹೇಳಿ ಕಳಿಸಬಹುದಿತ್ತು. ಮಾತೇ ಇಲ್ಲದ ಮನೆಗೆ ಯಾರನ್ನು ಏನು ಹೇಳಿ ಕಳಿಸುವುದು?

ಅಕ್ಕ ಚಿತ್ರಗಾರ್ತಿ. ಕನಸಿಗೆ ಜ್ವರ ಬಂದಂಥ ಚಿತ್ರಗಳು ಅವಳವು. ಅದರಲ್ಲೊಂದು ಬಹಳ ಹೆಸರು ಮಾಡಿತ್ತು. ಖಾಲಿ ಕೋಣೆ, ಮೇಜಿನ ಮೇಲಿಂದ ಹುಟ್ಟಿ ಸೂರಿಗೆ ಬಡಿದು ನಿಂತ ಮೆಟ್ಟಿಲು, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ ಕೋಟು, ಒಳಗೆ ಮನುಷ್ಯನಿಲ್ಲ, ಹೂಜಿಯಿಂದ ನೀರಿನ ಬದಲು ದಾರ ಸುರಿಯುತ್ತಿದೆ. ಆ ಕೋಟು ಯಾರೆಂದು ನನಗೇನೂ ಸಂಶಯವಿರಲಿಲ್ಲ. ಅದೇ ಕೋಣೆಯಲ್ಲಿ ಇನ್ನೊಂದಿತ್ತು: ನೆಲದಿಂದ ಗೋಡೆಗೆ ಹತ್ತಿದ ಒಂದು ನೆರಳು. ಫ್ರಾಕು, ಎರಡು ಜುಟ್ಟು. ನೆರಳಿದೆ, ಆಳಿಲ್ಲ.

ಆ ಚಿತ್ರವನ್ನು ಕೊಂಡ ಗ್ಯಾಲರಿಯವರಿಗೆ ಅದು ಗೋಡೆಯ ಮೇಲೆ ಚಲಿಸಬೇಕಾಗಿತ್ತು, ನೋಡುವವರು ಆ ಕೋಣೆಯೊಳಗೆ ನಡೆದಾಡಿದಂತೆ. ಕೆಲಸ ನಮ್ಮ ಸ್ಟುಡಿಯೋಕ್ಕೇ ಬಂತು. ಬೇರೆಯವರಿಗೆ ಕೊಡಿ ಎಂದು ನಾನು ಮಾಲೀಕರಿಗೆ ಹೇಳುವಷ್ಟರಲ್ಲಿ ಭಾವ ತಾವೇ ಮಾಡುತ್ತೇನೆಂದರು. ಸರಿ, ಈ ನೆಪದಲ್ಲಾದರೂ ಇವರ ಬಾಯಲ್ಲಿ ಮಗಳ ಹೆಸರು ಬರಲಿ, ಬಂದರೆ ಅಕ್ಕ ವಾಪಸ್ ಹೋಗಿಯಾಳು ಎಂದು ಆಸೆಪಟ್ಟೆ.

ನಮ್ಮ ಕೆಲಸದಲ್ಲಿ ಒಂದು ಪೀಕಲಾಟವಿದೆ. ಬ್ರಶ್ಶಿನಿಂದ ಬರೀ ನೆರಳನ್ನು ಬರೆಯಬಹುದು. ಕಂಪ್ಯೂಟರಿನಲ್ಲಿ ನೆರಳು ಬೀಳಬೇಕಾದರೆ ಅಲ್ಲಿ ನಿಜಕ್ಕೂ ಏನಾದರೂ ನಿಂತಿರಬೇಕು. ಮೊದಲು ಆಳನ್ನು ಕಟ್ಟಿ, ಬೆಳಕಿಗೆ ನಿಲ್ಲಿಸಿ, ಆಮೇಲೆ ಒಂದು ಗುಂಡಿ ಒತ್ತಿ ಆಳನ್ನು ಮರೆಮಾಡುವುದು. ಆಗ ನೆರಳಷ್ಟೇ ಉಳಿಯುತ್ತದೆ. ಅಂದರೆ ಭಾವ ಗುಬ್ಬಿಯನ್ನು ಕಟ್ಟಬೇಕಾಯಿತು.

ನಾನು ಮಾಡಿಕೊಡುತ್ತೇನೆಂದೆ. ಬೇಡವೆಂದು ತಾವೇ ಕೂತರು. ಬಣ್ಣವಿಲ್ಲದ ಬೂದು ಗೊಂಬೆ, ಮುಖದ ಜಾಗ ನುಣ್ಣಗೆ. ಎತ್ತರವನ್ನು ಮಾತ್ರ ಯಾರನ್ನೂ ಕೇಳಲಿಲ್ಲ. ಬಾಗಿಲ ಹಿಡಿ ಅವರಿಗೆ ಗೊತ್ತಿತ್ತಲ್ಲ.

ಆದರೆ ನೆರಳು ಕೂಡಿ ಬರಲಿಲ್ಲ. ಕಾಲು ಚಿತ್ರದಲ್ಲಿದ್ದ ಕಡೆಯೇ ಇತ್ತು, ತಲೆ ಮಾತ್ರ ಗೋಡೆಯ ಬುಡಕ್ಕೇ ನಿಂತುಬಿಡುತ್ತಿತ್ತು. ಭಾವ ಬೆಳಕನ್ನು ಕೆಳಗಿಳಿಸಿದರು. ಗುಬ್ಬಿಯ ನೆರಳು ಸರಿಹೋಯಿತು, ಕುರ್ಚಿಯದು ಕೆಟ್ಟಿತು. ಬೆಳಕನ್ನು ಮೊದಲಿನ ಜಾಗಕ್ಕೆ ತಂದರು. ಕುರ್ಚಿ, ಕೋಟು, ಹೂಜಿ ಎಲ್ಲ ಅಕ್ಕ ಬರೆದ ಹಾಗೇ ಬಿದ್ದವು, ಗುಬ್ಬಿಯೊಬ್ಬಳು ಸಾಲದೆ ಹೋದಳು. ಇಡೀ ವಾರ ಇದೇ ಹಾಡು. ಕೊನೆಗೆ ನನಗೆ ತಲೆ ಕೆಟ್ಟು, ಬೆಳಕಿನ ಜೊತೆ ಯಾಕೆ ಗುದ್ದಾಡುತ್ತೀರಿ, ಗೊಂಬೆಯನ್ನು ಎತ್ತರ ಮಾಡಬಾರದೇ ಎಂದು ರೇಗಿದೆ.

ಭಾವ ನನ್ನ ಮುಖ ನೋಡಿದರು. ಆಮೇಲೆ ಮೌಸ್ ಹಿಡಿದು ಅವಳನ್ನು ಎತ್ತರಕ್ಕೆ ಎಳೆದರು. ಎಳೆಯುತ್ತಲೇ ಹೋದರು. ನೆರಳು ಚಿತ್ರದ ನೆರಳಿನ ಮೇಲೆ ಸರಿಯಾಗಿ ಕೂತಾಗ ಮನೆಯ ಬಾಗಿಲ ಹಿಡಿ ಅವಳ ಸೊಂಟಕ್ಕೆ ಬರುವಂತಿತ್ತು. ಭಾವ ಮೌಸ್ ಬಿಟ್ಟು ಕೈ ಹಿಂದೆಳೆದುಕೊಂಡರು. ನನಗೂ ಆಗಲೇ ಹೊಳೆದದ್ದು. ಅಕ್ಕ ಬರೆದದ್ದು ನಾಲ್ಕು ವರ್ಷದ ಮಗುವನ್ನಲ್ಲ. ಅವಳು ಮಗಳನ್ನು ಬೆಳೆಸುತ್ತ ಬಂದಿದ್ದಳು, ಒಬ್ಬಳೇ.

ಮರುದಿನ ಅಕ್ಕ ಚಿತ್ರಗಾರ್ತಿಯಾಗಿ ಒಪ್ಪಿಗೆ ಕೊಡಲು ಬರುವುದಿತ್ತು. ಅವಳು ಬಂದು ಕೂತಾಗ ಭಾವ ಗೊಂಬೆಯನ್ನು ಮರೆಮಾಡಿರಲಿಲ್ಲ. ತೆರೆಯ ಮೇಲೆ ಮುಖವಿಲ್ಲದ ಉದ್ದನೆಯ ಹುಡುಗಿ ಗೋಡೆಗೆ ನೆರಳು ಚೆಲ್ಲಿ ನಿಂತಿದ್ದಳು. ಅಕ್ಕ ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡಳು.

"ಗುಬ್ಬಿ ಇಷ್ಟು ದೊಡ್ಡವಳಾಗಿದ್ದಾಳಾ?" ಎಂದರು ಭಾವ. ಹನ್ನೆರಡು ವರ್ಷದಲ್ಲಿ ಆ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು.

"ಹೂಂ," ಎಂದಳು ಅಕ್ಕ. "ನೀವೊಬ್ರೇ ಅವಳನ್ನ ಬಾಗಿಲ ಹತ್ರ ನಿಲ್ಲಿಸಿಬಿಟ್ರಿ."

ಭಾವ ಅತ್ತರು. ಆಫೀಸಿನವರೆಲ್ಲ ಇದ್ದರು, ಇದ್ದರೆ ಇರಲಿ ಎಂದು ಅತ್ತರು. ಅಕ್ಕ ಅವರ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಗುಂಡಿ ಯಾವುದೆಂದು ಕೇಳಿ ತಾನೇ ಒತ್ತಿದಳು. ಹುಡುಗಿ ಹೋದಳು, ನೆರಳು ಉಳಿಯಿತು.

ಸಂಜೆ ಮೂವರೂ ಅವರ ಮನೆಗೆ ಹೋದೆವು. ಇನ್ನು ಅಕ್ಕ ಇಲ್ಲೇ ಉಳಿಯುತ್ತಾಳೆ, ಅವಳ ಬ್ಯಾಗು ನಾಳೆ ತಂದುಕೊಟ್ಟರಾಯಿತು ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಭಾವ ಬಾಗಿಲಲ್ಲೇ ಮಂಡಿಯೂರಿ ಹಿಡಿಯ ಬಟ್ಟೆ ಬಿಚ್ಚತೊಡಗಿದರು. ಗಂಟು ಕಲ್ಲಾಗಿತ್ತು, ಕೊನೆಗೆ ಹಲ್ಲು ಹಾಕಿದರು.

"ಇನ್ನು ಅವಳಿಗೆ ತಾಗಲ್ಲ," ಎಂದು ಅಕ್ಕನ ಕೈಗೆ ಕೊಟ್ಟರು.

ಅಕ್ಕ ಅದನ್ನು ಮಡಿಸಿ ಎದೆಗೊತ್ತಿಕೊಂಡಳು. ಒಳಗೆ ಹೋಗಿ ಕೋಣೆಗಳನ್ನೆಲ್ಲ ನೋಡಿ ಬಂದಳು.

"ಇದನ್ನ ಆಗಲೇ ಬಿಚ್ಚಿದ್ರೆ ನಾನು ಇಲ್ಲೇ ಇರ್ತಿದ್ದೆ," ಎಂದಳು ಮೆಲ್ಲಗೆ. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಸಿಟ್ಟಾದರೂ ಇರಬಾರದಿತ್ತೇ ಅನ್ನಿಸಿತು ನನಗೆ.

ಭಾವ ತಲೆಯಾಡಿಸಿದರು. ನಾನೂ ಅಕ್ಕನೂ ಮೆಟ್ಟಿಲಿಳಿದೆವು. ಹಿಂದೆ ಅವರು ಬಾಗಿಲು ಹಾಕಿಕೊಂಡಾಗ ಹಿಡಿ ಟಕ್ ಎಂದಿತು. ಇಷ್ಟು ವರ್ಷ ಆ ಬಾಗಿಲಿಗೆ ಸದ್ದೇ ಇರಲಿಲ್ಲ.