ಬೇರಿಂಗಿನ ಹಿಂದಿನ ಗಿಳಿ

ಥೂ ಮೇಸ್ತ್ರಿಯನ್ನು ನಾನು ಮೊದಲು ಕಂಡ ದಿನ ಅವರು ನನ್ನ ಮುಖ ನೋಡಲಿಲ್ಲ. ನನ್ನ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿ, "ಥೂ!" ಎಂದರು. ಶಾಲೆಯಿಂದ ಮನೆಗೆ ಹೊರಟ ಕಾರು ಅವರ ಗ್ಯಾರೇಜಿನ ಮುಂದೆ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು. ಉಗಿದದ್ದು ನನಗೇ ಎಂದುಕೊಂಡು ನಾನು ಹಿಂದೆ ಸರಿದೆ.

"ನಿಮಗಲ್ಲ ಮೇಷ್ಟ್ರೇ," ಎಂದು ತಲೆಯೆತ್ತಿದರು. ನನ್ನ ತೋಳಿನ ಮೇಲಿದ್ದ ಸೀಮೆಸುಣ್ಣ ನನ್ನ ಉದ್ಯೋಗವನ್ನು ಹೇಳಿಬಿಟ್ಟಿತ್ತು. "ಪೆಟ್ರೋಲ್ ಪೈಪಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿದ್ದಾನಲ್ಲ, ಆ ಮಹಾರಾಯನಿಗೆ. ಅನ್ನ ತಿನ್ನೋ ಕೈಯಲ್ಲಿ ಇಂಥ ಹೊಲಸು ಕೆಲಸ ಮಾಡ್ತಾರಾ?"

ಬೀದಿಯವರೆಲ್ಲ ಅವರನ್ನು ಥೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವರ ಗ್ಯಾರೇಜು ಬೀಗದ ಕೈ ಮಾಡುವವನ ಅಂಗಡಿಯ ಪಕ್ಕದಲ್ಲಿ, ಏರುರಸ್ತೆಯ ಬುಡದಲ್ಲಿತ್ತು. ಸಂಜೆಯಾದರೆ ನೆಲವನ್ನು ಸೋಪುನೀರಿನಿಂದ ತಿಕ್ಕಿ ತೊಳೆಯುತ್ತಿದ್ದರು. ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಗೆರೆ ಬರೆದಿತ್ತು. ಒಂದು ತಪ್ಪಿದರೂ ಹಲ್ಲು ಬಿದ್ದ ಬಾಯಿಯಂತೆ ಎದ್ದು ಕಾಣುತ್ತಿತ್ತು. ಅವರ ಅಸಹ್ಯದಲ್ಲಿಯೂ ತರಗತಿಗಳಿದ್ದವು. ಸ್ಟೇರಿಂಗಿಗೆ ಮೆತ್ತಿದ ಗ್ರೀಸಿಗೆ ಮೊಟಕಾದ ಒಂದು ಥೂ. ತಲೆ ಸವೆಸಿ ಹಾಳುಮಾಡಿದ ಸ್ಕ್ರೂವಿಗೆ ಉದ್ದನೆಯದು. ಎಲ್ಲಕ್ಕಿಂತ ಕೆಟ್ಟದ್ದನ್ನು ಕಂಡಾಗ ಮಾತ್ರ ಥೂ ಕೂಡ ಬರುತ್ತಿರಲಿಲ್ಲ. ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು.

ತಾವು ಪೂರ್ತಿ ಬಿಚ್ಚಿ ಕಟ್ಟಿದ ಇಂಜಿನ್ನಿನ ಮೇಲೆ ಅವರು ಒಂದು ಹಸಿರು ಚುಕ್ಕೆ ಇಡುತ್ತಿದ್ದರು. ಬೇರೆ ರಸೀದಿಯಿಲ್ಲ, ಮಾತಿಲ್ಲ. "ಇದರೊಳಗೆ ಏನಾದರೂ ಕೆಟ್ಟರೆ ನನ್ನ ಹತ್ತಿರ ತನ್ನಿ, ನಾನೇ ಬಿಚ್ಚುತ್ತೇನೆ" ಎಂಬುದೇ ಆ ಚುಕ್ಕೆಯ ಅರ್ಥ. ಹಳೆಯ ಕಾರು ಕೊಳ್ಳುವವರು ಬಾನೆಟ್ಟು ಎತ್ತಿ ಮೊದಲು ಹುಡುಕುತ್ತಿದ್ದದ್ದು ಅದನ್ನೇ.

ಮೇಸ್ತ್ರಿಗೆ ಕಣ್ಣಿನ ಪೊರೆ ಬಂದ ವರ್ಷ ನನ್ನ ಕಾರೂ ಹೊಗೆಯುಗುಳಲಾರಂಭಿಸಿತು. ಶಸ್ತ್ರಚಿಕಿತ್ಸೆಯ ಬಳಿಕ ಧೂಳಿಗೆ ಬರಬಾರದೆಂದು ವೈದ್ಯರು ಅವರನ್ನು ಮನೆಯಲ್ಲಿ ಕೂರಿಸಿದ್ದರು. ಗ್ಯಾರೇಜು ಅವರ ಭಾವಮೈದುನನ ಕೈಯಲ್ಲಿತ್ತು. ಆತನನ್ನು ಅಕ್ಕನೇ, ಅಂದರೆ ಮೇಸ್ತ್ರಿಯ ಹೆಂಡತಿಯೇ, ಸಾಕಿ ಬೆಳೆಸಿದ್ದಳು. ಮೇಸ್ತ್ರಿಗೆ ಮಕ್ಕಳಿರಲಿಲ್ಲ, ಆ ವರ್ಷವೇ ಗ್ಯಾರೇಜನ್ನೂ ಹಸಿರು ಬಣ್ಣದ ಡಬ್ಬಿಯನ್ನೂ ಅವನಿಗೆ ಒಪ್ಪಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಅವನು ನನ್ನ ಇಂಜಿನ್ನು ಬಿಚ್ಚಿ ಕಟ್ಟಿ, ಚುಕ್ಕೆಯಿಟ್ಟು, ನಗುನಗುತ್ತಾ ಕೊಟ್ಟ.

ಕೆಲವು ವಾರಗಳಲ್ಲಿ ಸದ್ದು ಶುರುವಾಯಿತು. ಏರು ಹತ್ತಿ ಮುಗಿಸಿ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿದೊಡನೆ, ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಕಟಕಟ ಕಟಕಟ. ಮತ್ತೆ ಕಾಲಿಟ್ಟರೆ ಮಾಯ. ಕಾರನ್ನು ಗ್ಯಾರೇಜಿಗೆ ಒಯ್ದೆ.

"ಹೊಸದಾಗಿ ಕಟ್ಟಿದ ಇಂಜಿನ್ನು ಮೇಷ್ಟ್ರೇ," ಎಂದ ಭಾವಮೈದುನ. "ಹಲ್ಲು ಬರೋವಾಗ ಮಗು ಅಳಲ್ವಾ? ಹಾಗೇ."

"ನಿನ್ನ ಮಗೂಗೆ ಹಲ್ಲು ಬರ್ತಾ ಇಲ್ಲ, ಉದುರ್ತಾ ಇದೆ," ಎಂಬ ದನಿ ಒಳಗಿನಿಂದ ಬಂತು. ಕಪ್ಪು ಕನ್ನಡಕ ಹಾಕಿಕೊಂಡು ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು.

ಮೊದಲು ಸೈಲೆನ್ಸರನ್ನು ಹಿಡಿದು ಅಲ್ಲಾಡಿಸಿದರು. ಅದರ ಮೇಲಿನ ತಗಡು ಸ್ವಲ್ಪ ಸಡಿಲವಾಗಿತ್ತು.

"ಅದೇ ಭಾವ, ಅದನ್ನ ಬಿಗಿ ಮಾಡಿದ್ರೆ ಸಾಕು," ಎಂದ ಭಾವಮೈದುನ, ಅವಸರವಾಗಿ.

"ಹುಣ್ಣಿನ ಮೇಲೆ ಪೌಡರ್ ಹಚ್ಚು ಅಂತೀಯೇನೋ?"

ತಗಡನ್ನು ಬಿಗಿ ಮಾಡಿ, ಇಂಜಿನ್ನು ಓಡಿಸಿ ಆಕ್ಸಿಲರೇಟರನ್ನು ಒತ್ತಿ ಒತ್ತಿ ಬಿಡಲು ನನಗೆ ಹೇಳಿದರು, ಸದ್ದು ಹೋಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಮೇಲಿನಿಂದ ಕೆಳಗೆ ಆಲಿಸುತ್ತ ಬಂದರು. ಆಮೇಲೆ ಓಡುತ್ತಿದ್ದ ಇಂಜಿನ್ನಿನ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದರು. ಮೊದಲನೆಯದು ಕಿತ್ತಾಗ ಸದ್ದು ಹಾಗೇ ಇತ್ತು. ಎರಡನೆಯದಕ್ಕೂ ಹಾಗೇ. ಮೂರನೆಯದು ಕಿತ್ತೊಡನೆ, ತಂಟೆ ಮಾಡುವ ಹುಡುಗನನ್ನು ತರಗತಿಯಿಂದ ಹೊರಗೆ ಕಳಿಸಿದಂತೆ, ಸದ್ದು ಅಡಗಿತು.

"ಇಲ್ಲಿದ್ದಾನೆ," ಎಂದರು. "ಆ ಸಿಲಿಂಡರಿನ ಕೆಳಗಿನ ಬೇರಿಂಗು."

ಆಯಿಲ್ ಇಳಿಸಿದಾಗ ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಮೇಸ್ತ್ರಿ ಅದನ್ನು ಬೆರಳ ತುದಿಯಲ್ಲಿ ತೀಡಿ ನೋಡಿ, ಕೊಳೆತದ್ದನ್ನು ಮುಟ್ಟಿದವರಂತೆ ಕೈ ಕೊಡವಿದರು. ಕಾರಿನಡಿ ಮಲಗಿ ಬೇರಿಂಗು ಬಿಚ್ಚಿದರು. ಅದರ ಬೆನ್ನಿಗೆ ಅಂಟಿಕೊಂಡಿದ್ದ ತೆಳುವಾದ ತಗಡಿನ ಪಟ್ಟಿಯೊಂದು ಕೆಳಗೆ ಬಿತ್ತು. ಒರೆಸಿದರೆ ಕೆಂಪು ಕೊಕ್ಕು, ಒಂದಿಷ್ಟು ಹಸಿರು ಪುಕ್ಕ.

ಮೇಸ್ತ್ರಿ ಎದ್ದು ಮುಖ ತಿರುಗಿಸಿ ಗೋಡೆ ನೋಡಿದರು. ಬಹಳ ಹೊತ್ತು ನೋಡಿದರು.

ಇಂಜಿನ್ನಿನ ಶಾಫ್ಟು ಸವೆದಿದ್ದರೆ ಅದನ್ನು ಲೇತಿಗೆ ಕೊಟ್ಟು ಉಜ್ಜಿಸಿ, ಅದಕ್ಕೆ ತಕ್ಕಷ್ಟು ದಪ್ಪದ ಬೇರಿಂಗು ಹಾಕಬೇಕು. ಇವನು ಹಳೆಯ ಬೇರಿಂಗಿನ ಹಿಂದೆ ತಗಡು ತುರುಕಿ ಬಿಗಿ ಮಾಡಿದ್ದ. ತಗಡು ದಿನದಿನಕ್ಕೆ ಸುಕ್ಕುಗಟ್ಟಿ, ಬೇರಿಂಗು ಕುಣಿಯತೊಡಗಿತ್ತು. ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ರಸ್ತೆಯ ನಡುವೆ ಇಂಜಿನ್ನು ಹೊಟ್ಟೆಯೊಡೆದುಕೊಳ್ಳುತ್ತಿತ್ತು.

"ಲೇ, ಇಲ್ಲಿ ಬಾರೇ," ಎಂದು ಮೇಸ್ತ್ರಿ ಹಿಂದಿನ ಮನೆಯಿಂದ ಹೆಂಡತಿಯನ್ನು ಕರೆದರು. "ನಿನ್ನ ಸೂಜಿದಾರದ ಡಬ್ಬಿ ಮುಚ್ಚಳ ಸಿಕ್ತು."

ಆಕೆ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಆಕೆ ಸೂಜಿದಾರ ಇಡುತ್ತಿದ್ದದ್ದು ಮುಚ್ಚಳದ ಮೇಲೆ ಗಿಳಿಯ ಚಿತ್ರವಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ಆಮೇಲೆ ತಮ್ಮನ ಕಡೆ ತಿರುಗಿದಳು. "ಈ ಮುಚ್ಚಳಕ್ಕೋಸ್ಕರ ಪಕ್ಕದ ಮನೆಯವಳನ್ನ ಕಳ್ಳಿ ಅಂದೆನಲ್ಲೋ! ಇವತ್ತಿಗೂ ಅವಳು ನನ್ನ ಜೊತೆ ಮಾತಾಡಲ್ಲ!"

"ಅಕ್ಕ, ಎಲ್ಲಾ ಕಡೆ ಹೀಗೇ ಮಾಡೋದು..."

"ಎಲ್ಲಾ ಕಡೆ ಹಸಿರು ಚುಕ್ಕೆ ಇಡ್ತಾರೇನೋ? ನಿನ್ನ ಭಾವ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ರೆ, ನೀನು ಅವರ ಚುಕ್ಕೆ ಇಟ್ಟು ತಗಡು ಮಾರ್ತಿದ್ಯಾ? ಥೂ!"

ಆ ಮನೆಯಲ್ಲಿ ಥೂ ಎನ್ನುವುದು ಗಂಡನ ಹಕ್ಕಾಗಿತ್ತು. ಆಕೆಯ ಬಾಯಿಂದ ಅದನ್ನು ನಾನು ಕೇಳಿದ್ದು ಅದೇ ಮೊದಲು. ಭಾವಮೈದುನನ ಮುಖ ಬಿಳಿಚಿಕೊಂಡಿತು.

"ಮುಚ್ಚಳ ಅಂಗೈಗಿಂತ ದೊಡ್ಡದಿತ್ತು," ಎಂದು ಆಕೆ ಮುಂದುವರಿಸಿದಳು. "ಉಳಿದದ್ದು ಯಾರ್ಯಾರ ಗಾಡೀಲಿದೆ, ಬೊಗಳು."

ಅವನು ನೆಲ ನೋಡುತ್ತಾ ಒಬ್ಬೊಬ್ಬರ ಹೆಸರು ಹೇಳಿದ. ಒಂದು ಕೈಯ ಬೆರಳುಗಳು ಮುಗಿದರೂ ಹೆಸರುಗಳು ಮುಗಿಯಲಿಲ್ಲ.

ಮೇಸ್ತ್ರಿ ಆಗ ಬಾಯಿಬಿಟ್ಟರು. "ನಾನು ಊರವರಿಗೆಲ್ಲಾ ಉಗಿದುಕೊಂಡು ಬಂದೆ ಮೇಷ್ಟ್ರೇ. ಹೊಲಸು ನನ್ನ ಗೂಡಲ್ಲೇ ಇತ್ತು." ಭಾವಮೈದುನನಿಗೆ ಅವರು ಹೇಳಿದ್ದು ಒಂದೇ ಮಾತು: "ನಿನ್ನ ಕೈಲಿರೋ ಸ್ಪ್ಯಾನರ್ ಗೋಡೆಗೆ ತಗುಲಿಹಾಕಿ ಹೋಗು. ಊಟಕ್ಕೆ ಬರಬಹುದು. ಇಂಜಿನ್ನಿಗೆ ಬೇಡ."

ಅಕ್ಕ ಆ ಸಂಜೆಯೇ ಪಕ್ಕದ ಮನೆಯ ಬಾಗಿಲು ತಟ್ಟಿದಳು.

ಮುಂದಿನ ತಿಂಗಳುಗಳಲ್ಲಿ ಮೇಸ್ತ್ರಿ ಆ ಕಾರುಗಳನ್ನೆಲ್ಲ ಕರೆಸಿ ಬಿಚ್ಚಿದರು. ತಾವೇ ಬಯ್ಯುತ್ತಿದ್ದ ಗಿರಾಕಿಗಳಿಂದ ಬಯ್ಗುಳ ತಿಂದರು. ಸಿಕ್ಕ ಪಟ್ಟಿಗಳನ್ನು ಹೆಂಡತಿ ತೊಳೆದು, ಕೆಲಸದ ಮೇಜಿನ ಮೇಲೆ ಒಂದಕ್ಕೊಂದು ಹೊಂದಿಸುತ್ತ ಹೋದಳು. ಬಾಲ ಬಂತು, ರೆಕ್ಕೆ ಬಂತು, ಕುತ್ತಿಗೆ ಬಂತು. ಗಿಳಿಯ ಕಣ್ಣಿದ್ದ ಚೂರು ಮಾತ್ರ ಬರಲಿಲ್ಲ. ಆ ಕಾರನ್ನು ಅದರ ಯಜಮಾನ ಯಾರಿಗೋ ಮಾರಿಬಿಟ್ಟಿದ್ದ, ಕೊಂಡವನು ಇನ್ನಾರಿಗೋ.

ಭಾವಮೈದುನ ಈಗ ಟೈರಂಗಡಿಯಲ್ಲಿದ್ದಾನೆ. ಮೇಸ್ತ್ರಿ ಬ್ರೇಕು, ಕ್ಲಚ್ಚು ನೋಡುತ್ತಾರೆ. ಇಂಜಿನ್ನು ಕಟ್ಟಿದರೂ ಚುಕ್ಕೆಯಿಡುವುದಿಲ್ಲ. ಹಸಿರು ಬಣ್ಣದ ಡಬ್ಬಿಯ ಮುಚ್ಚಳವನ್ನು ಅವರು ಇನ್ನೂ ತೆರೆದಿಲ್ಲ. ಸಂಜೆ ನೆಲ ತೊಳೆದು, ಒಂದು ಸ್ಟೂಲು ಹಿಡಿದುಕೊಂಡು ಏರುರಸ್ತೆಯ ನೆತ್ತಿಗೆ ಹೋಗಿ ಕೂರುತ್ತಾರೆ. ಏರು ಹತ್ತಿದ ಕಾರಿನವರೆಲ್ಲ ಕಾಲು ಸಡಿಲಿಸುವುದು ಅಲ್ಲಿಯೇ, ಆ ಕೈತಪ್ಪಿದ ಕಾರು ಬಂದರೆ ಕಟಕಟ ಕೇಳುವುದೂ ಅಲ್ಲಿಯೇ. ಕೆಲವೊಮ್ಮೆ ನಾನೂ ಪಕ್ಕದಲ್ಲಿ ನಿಲ್ಲುತ್ತೇನೆ. ಮೊನ್ನೆ ಹಳೆಯ ಬಿಳಿ ಕಾರೊಂದು ಕಟಕಟ ಎನ್ನುತ್ತಾ ಮೇಲೆ ಬಂತು. ಮೇಸ್ತ್ರಿ ಥಟ್ಟನೆ ಎದ್ದು ನಿಂತು, ಕತ್ತು ಚಾಚಿ ಕಿವಿಗೊಟ್ಟರು.

"ಥೂ," ಎಂದು ಮತ್ತೆ ಕುಳಿತರು. "ಸೈಲೆನ್ಸರ್."