ಆ ಎಕ್ಸ್ ಯಾರು?

ನಾನು ರಾಣೆಬೆನ್ನೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ದಿನಾ ಬ್ಯಾಡಗಿಯಿಂದ ಬಸ್ಸು. ನನ್ನದೇ ಕ್ಲಾಸಿನ ಕಾಗಿನೆಲೆಯ ಹುಡುಗಿಯೊಬ್ಬಳು ಬ್ಯಾಡಗಿಯಲ್ಲಿ ಬಸ್ಸು ಬದಲಿಸಿ ನನ್ನ ಪಕ್ಕ ಕೂರುತ್ತಿದ್ದಳು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು. ಇಂಗ್ಲಿಷ್ ಓದಿದರೆ ತಿಳಿಯುತ್ತಿತ್ತು, ಬಾಯಿಬಿಟ್ಟು ಆಡಲು ಬರುತ್ತಿರಲಿಲ್ಲ. ನಾನು ಕಾನ್ವೆಂಟಿನವಳು.

ಗಣಿತದ ವಾಕ್ಯಗಳನ್ನು ಚಿಹ್ನೆಗಳಲ್ಲಿ ಬರೆಯುವ ಪಾಠ ಶುರುವಾದಾಗ ನನ್ನ ಇಂಗ್ಲಿಷ್ ಕೆಲಸಕ್ಕೆ ಬರಲಿಲ್ಲ. ತಲೆಕೆಳಗಾದ ಎ ಅಂದರೆ ‘ಪ್ರತಿಯೊಂದಕ್ಕೂ’, ತಿರುಗಿಸಿದ ಇ ಅಂದರೆ ‘ಒಂದಾದರೂ ಇದೆ’. ಎರಡರಲ್ಲಿ ಯಾವುದನ್ನು ಮೊದಲು ಬರೆದರೇನು ಅಂದುಕೊಂಡಿದ್ದೆ. ಅವಳು ಬಸ್ಸಿನಲ್ಲಿ ನನ್ನ ನೋಟ್‌ಬುಕ್ ಕಸಿದುಕೊಂಡಳು.

“ಪ್ರತಿ ಮನೀಗೂ ಒಂದು ಕೀಲಿಕೈ ಐತಿ ಅನ್ನೋದು ಬ್ಯಾರೆ. ಒಂದ ಕೀಲಿಕೈ ಐತಿ, ಅದು ಎಲ್ಲಾ ಮನೀಗೂ ಹತ್ತತೈತಿ ಅನ್ನೋದು ಬ್ಯಾರೆ. ಹಂಗಾದ್ರ ಊರಾಗ ಯಾರ ಮನಿ ಉಳೀತೈತಿ ಹೇಳು?”

ಬಸ್ಸು ಹೈವೇ ಸೇರುವಷ್ಟರಲ್ಲಿ ನನಗೆ ತಿಳಿದಿತ್ತು.

ಟೆಸ್ಟಿನಲ್ಲಿ ಅರ್ಧ ಕ್ಲಾಸು ಫೇಲಾದ ದಿನ ಗಣಿತದ ಸರ್ ಸಿಟ್ಟಿನಲ್ಲಿದ್ದರು. ‘ಇಲ್ಲಿ ಎಲ್ಲರಿಗೂ ಗಣಿತ ತಿಳಿಯುತ್ತದೆ’ ಎಂಬುದನ್ನು ಚಿಹ್ನೆಯಲ್ಲಿ ಬರೆದು, ಅವಳನ್ನು ಬೋರ್ಡಿಗೆ ಕರೆದರು.

“ಇದು ಸುಳ್ಳು. ಸುಳ್ಳು ಅನ್ನೋದನ್ನ ಬರಿ.”

ಗಣಿತ ತಿಳಿಯದ ಒಬ್ಬ ಎಕ್ಸ್, ಅಂದರೆ ಯಾರೋ ಒಬ್ಬರಾದರೂ, ಇಲ್ಲಿ ಇದ್ದಾರೆ ಎಂದು ಅವಳು ಚಿಹ್ನೆಯಲ್ಲಿ ಬರೆದಳು. ಸರಿಯಾಗಿತ್ತು.

“ಈಗ ಇಂಗ್ಲಿಷ್‌ನ್ಯಾಗ ಓದು.”

“ದೇರ್... ದೇರ್ ಈಸ್...” ಅಲ್ಲಿಗೇ ನಿಂತಳು. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಸರ್ ನನ್ನನ್ನು ಎಬ್ಬಿಸಿದರು. ನಾನು ಗಟ್ಟಿಯಾಗಿ, ತಡವರಿಸದೆ ಓದಿದೆ.

“ಭೇಷ್! ಹಂಗಾದ್ರ ಆ ಎಕ್ಸ್ ಯಾರವಾ?”

ನಾನು ಅವಳತ್ತ ಬೆರಳು ಮಾಡಿದೆ. ಯೋಚನೆ ಕೂಡ ಮಾಡಲಿಲ್ಲ. ಇಡೀ ಕ್ಲಾಸು ನಕ್ಕಿತು. ಆ ನಗು ನನಗೆ ಬಹಳ ಹಿತವಾಗಿತ್ತು.

“ಎಕ್ಸ್ ಅಳಿಸಿ ನಿನ್ನ ಹೆಸರು ಬರಿ,” ಎಂದರು ಸರ್.

ಅವಳು ಕನ್ನಡದಲ್ಲೇ ಬರೆದಳು, ದುಂಡನೆಯ ಅಕ್ಷರದಲ್ಲಿ. ಯಾರೋ ಫೋಟೊ ತೆಗೆದು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದರು. ನಾನೂ ಒಂದು ನಗುಮುಖ ಒತ್ತಿದೆ.

ಅಂದಿನಿಂದ ಅವಳು ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿಗೆ ಹೋದಳು. ವಾರದ ಮೇಲೆ ಬ್ಯಾಡಗಿ ಸ್ಟ್ಯಾಂಡಿನಲ್ಲಿ ತಡೆದು ಹೇಳಿದೆ: “ನಾ ಚೇಷ್ಟಿಗೆ ತೋರಿಸಿದ್ದಲೇ.”

“ಸರ್ ಒಬ್ಬರನ್ನ ತೋರಸಂದ್ರು,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಯಾರರ ಒಬ್ಬರಾದ್ರ ನಡೀತಿತ್ತು. ನಿನ್ನ ನೀನ ತೋರಿಸ್ಕೋಬಹುದಿತ್ತಲ್ಲ.”

ಅವಳ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಹಾಗಂತ ಕ್ಷಮೆಯನ್ನೂ ಕೇಳಲಿಲ್ಲ.

ಸೆಮಿಸ್ಟರ್ ಮುಗಿಯುವ ಮೊದಲೇ ಅವಳು ಟಿ.ಸಿ. ತೆಗೆದುಕೊಂಡಳು. ಹಾವೇರಿಯಲ್ಲಿ ಬಿ.ಎ. ಸೇರಿದಳಂತೆ. ಹಾಜರಿ ಕೂಗುವಾಗ ಅವಳ ನಂಬರ್ ಬಂದರೆ ಯಾರಾದರೂ “ಎಕ್ಸ್ ಹೋತ್ರಿ ಸರ್” ಅನ್ನುತ್ತಿದ್ದರು, ಸರ್ ನಗುತ್ತಿದ್ದರು. ಗಣಿತದಲ್ಲಿ ನಾನು ಮೊದಲು ಬಂದೆ. ಮರುವರ್ಷ ನನ್ನ ಪಕ್ಕ ಬೇರೆ ಗೆಳತಿ ಕೂರತೊಡಗಿದಳು. ಅವಳಿಗೆ ಇದನ್ನು ನಾನು ಹೇಳಲಿಲ್ಲ.