ಎರಡು ಸಲ ಬಿದ್ದ ಉಪ್ಪು

ನೆನೆಸಿಟ್ಟ ಅವರೆಕಾಳು ಹಿತುಕುತ್ತಾ ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದೆ. ಬೆರಳ ತುದಿಯೆಲ್ಲ ಸುಕ್ಕುಗಟ್ಟಿತ್ತು. ಸೊಸೆ ಬಂದು ಬಾಗಿಲಿಗೆ ಒರಗಿ ನಿಂತಳು. "ಕಂಪ್ಯೂಟರಲ್ಲಿ ಮತ್ತೆ ಕೆಂಪು ಗುರುತು ಬಂತು ಅತ್ತೆ. ಸಂಜೆಯೊಳಗೆ ಸರಿಹೋಗದಿದ್ರೆ ನಾನು ಕಟ್ಟಿರೋ ಏರ್ಪಾಟನ್ನೇ ತೆಗೆದುಬುಡಿ ಅಂತಿದಾರೆ ನಮ್ಮ ಲೀಡರು" ಎಂದಳು.

ತೆಗೆದರೆ ಏನಾಗುತ್ತದೆಂದು ನನಗೂ ಗೊತ್ತಿತ್ತು. ಜಯಲಕ್ಷ್ಮಿಪುರದ ನಮ್ಮ ಮನೆಯ ಒಳಕೋಣೆಯೇ ಅವಳ ಆಫೀಸು. ಔಷಧಿ ಅಂಗಡಿಗಳು ಬಿಲ್ ಹಾಕುವ ಸಾಫ್ಟ್‌ವೇರ್ ಅವರದು. ನಾಲ್ಕೈದು ಜನ ಒಂದೊಂದು ಊರಲ್ಲಿ ಕೂತು ಬರೆದ ಕೋಡನ್ನೆಲ್ಲ ಒಂದೇ ಕಡೆ ಸೇರಿಸುತ್ತಾರೆ. ಒಬ್ಬರು ಸೇರಿಸಿದ್ದು ಇನ್ನೊಬ್ಬರದನ್ನು ಕೆಡಿಸಿದೆಯೇ ಎಂದು ದಿನಾ ಸಂಜೆ ಕೈಯಾರೆ ಪರೀಕ್ಷಿಸುವ ಕೆಲಸ ಇವಳ ತಲೆಗೆ ಬಿದ್ದಿತ್ತು. ಅವಳ ಸಂಜೆ ಹೋದರೆ ನನ್ನದೂ ಹೋಯಿತು. ಅಡುಗೆ, ಮೊಮ್ಮಗಳ ಊಟ ಎಲ್ಲ ನನ್ನ ಮಂಡಿಯ ಮೇಲೆ. ದೇವರ ಮುಂದೆ ದೀಪ ಹಚ್ಚಿ ಒಂದು ಗಳಿಗೆ ಕೂತು ಎಷ್ಟೋ ಕಾಲವಾಗಿತ್ತು. ಅದಕ್ಕೇ ಅವಳು, ಯಾರಾದರೂ ಕೋಡು ಸೇರಿಸಲು ಬಂದಾಗಲೆಲ್ಲ ತಾನಾಗಿಯೇ ಪರೀಕ್ಷೆ ನಡೆಯುವ ಒಂದು ಏರ್ಪಾಟು ಕಟ್ಟುತ್ತಿದ್ದಳು.

ಅದೇನೆಂದು ನನಗೆ ಅರ್ಥವಾದದ್ದು ಹುಳಿಯಿಂದ. ನಮ್ಮಲ್ಲಿ ನೈವೇದ್ಯಕ್ಕೆ ಮುಂಚೆ ಯಾರೂ ರುಚಿ ನೋಡುವುದಿಲ್ಲ. ಹಿಂದಿನ ಶನಿವಾರ ನಾನು ಹುಳಿಗೆ ಉಪ್ಪು ಹಾಕಿ ಹೂ ಬಿಡಿಸಲು ಹೋಗಿದ್ದೆ. ಅತ್ತೆ ಮರೆತಿರಬೇಕೆಂದು ಅವಳೂ ಹಾಕಿದಳು. ದೇವರಿಗಿಟ್ಟು, ಎಲೆಗೆ ಬಡಿಸಿ, ಯಜಮಾನರು ಮೊದಲ ತುತ್ತು ಬಾಯಿಗಿಟ್ಟ ಮೇಲೇ ಗೊತ್ತಾಗಿದ್ದು. "ಪಾಪ, ದೇವ್ರು ಸುಮ್ನೆ ಉಂಡುಬುಟ್ಟವ್ನೆ ಕಣೇ" ಎಂದು ಅವರು ನೀರಿನ ಲೋಟಕ್ಕೆ ಕೈ ಚಾಚಿದರು.

"ನಮ್ಮ ಕೆಲಸಾನೂ ಇಂಗೇ ಅತ್ತೆ" ಎಂದಿದ್ದಳು ಸೊಸೆ. "ಅಂಗಡೀಲಿ ಬಡಿಸಿದ ಮೇಲೇ ಗೊತ್ತಾಗೋದು. ರುಚಿ ನೋಡೋಕೆ ಒಂದು ಯಂತ್ರ ಇಡ್ತಿದೀನಿ."

"ದೇವರಿಗಿಂತ ಮುಂಚೆಯಾ?"

"ಇದು ಔಷಧಿ ಅಂಗಡಿಗೆ ಹೋಗೋದು ಕಣತ್ತೆ."

ಆದರೆ ಆ ಯಂತ್ರ ಕೆಂಪು ಗುರುತು ಬಿಟ್ಟು ಬೇರೇನೂ ತೋರಿಸಲಿಲ್ಲ. ಇವಳ ಕಂಪ್ಯೂಟರಿನಲ್ಲಿ ಎಲ್ಲ ಸರಿ, ಅಲ್ಲಿ ತಪ್ಪು. ಕೆಂಪಿದ್ದರೆ ಯಾರ ಕೋಡೂ ಒಳಗೆ ಸೇರುವಂತಿಲ್ಲ. ಎಲ್ಲರಿಗೂ ಬೇಸರ, ಎಲ್ಲರಿಗಿಂತ ಹೆಚ್ಚಾಗಿ ಅವಳ ಲೀಡರಿಗೆ. ತೆಗೆದುಬಿಡಿ ಎಂದವರೂ ಅವರೇ.

ನನ್ನಿಂದ ಆಗುವುದು ಕಾಫಿ. ಕೈ ಒರೆಸಿಕೊಂಡು ಬೆರೆಸಿ ಕೊಟ್ಟೆ. ಬೆಟ್ಟದ ತಾಯಿಗೆ, ಇವಳ ಕಷ್ಟ ನೀರಿಗೆ ಹೋಗದಿರಲಿ ಎಂದು ಕೂತಲ್ಲೇ ಹೇಳಿಕೊಂಡೆ. ಹೆಚ್ಚು ಕೇಳಲು ತ್ರಾಣವಿರಲಿಲ್ಲ.

ಕಾಳು ಮುಕ್ಕಾಲು ಮುಗಿದಿತ್ತು, ಅವಳು ಮತ್ತೆ ಬಂದಳು. ಎಂದೋ ತನ್ನ ಕಂಪ್ಯೂಟರಿಗೆ ಹಾಕಿಕೊಂಡು ಮರೆತಿದ್ದ ಒಂದು ಸಣ್ಣ ಪ್ರೋಗ್ರಾಂ ಆ ಯಂತ್ರದಲ್ಲಿ ಇರಲೇ ಇಲ್ಲವಂತೆ. ಅದನ್ನು ಹಾಕಿದ್ದೇ ಹಸಿರು ಬಂತಂತೆ. ಸದ್ಯ, ಎಂದೆ. ಅಷ್ಟರಲ್ಲಿ ಅವಳ ಫೋನು ಗುಂಯ್ ಎಂದಿತು. ಮತ್ತೆ ಕೆಂಪು. ನನ್ನ ಕೈ ನಿಂತುಹೋಯಿತು.

ಅವಳು ಓದಿ, ಇನ್ನೊಮ್ಮೆ ಓದಿ, ನಕ್ಕಳು. ಎಷ್ಟೋ ದಿನದ ಮೇಲೆ.

"ಇದು ನಂದಲ್ಲ ಅತ್ತೆ. ಲೀಡರ್ ಸಾಹೇಬ್ರದೇ. ರಿಯಾಯಿತಿ ಲೆಕ್ಕ ಕೆಡಿಸಿದಾರೆ, ಒಳಗೆ ಸೇರೋ ಮುಂಚೇನೇ ಯಂತ್ರ ಹಿಡೀತು."

ಸ್ವಲ್ಪ ಹೊತ್ತಿಗೆ ಅವರಿಂದ ಮೆಸೇಜು ಬಂತು, ಏರ್ಪಾಟು ಇರಲಿ ಎಂದು. ಶಭಾಷ್ ಎನ್ನಲಿಲ್ಲ. ಅನ್ನದಿದ್ದರೆ ಬೇಡ, 'ಇರಲಿ' ಎಂದರಲ್ಲ, ಅದೇ ಸಾಕು.

ಸೊಸೆ ಕಂಪ್ಯೂಟರ್ ಮುಚ್ಚಿ, ಮೊಮ್ಮಗಳಿಗೆ ತಾನೇ ಅನ್ನ ಕಲೆಸಿಕೊಂಡು ಹೋದಳು. ಸಿಪ್ಪೆಯನ್ನು ದಾಸವಾಳದ ಬುಡಕ್ಕೆ ಸುರಿದು, ಮಂಡಿ ಹಿಡಿದುಕೊಂಡು ಎದ್ದು, ದೀಪಕ್ಕೆ ಬತ್ತಿ ಹೊಸೆಯಲು ಹತ್ತಿ ತೆಗೆದುಕೊಂಡೆ.